ಕ್ಯಾಮ್ ಹೊಸದಾದರೆ ಮ್ಯಾಪ್ ಕೂಡ ಇಲ್ಲೇ ಬರೆಯಬೇಕು

ಮಾನ್ಯ ಸಂಪಾದಕರೇ,

ರ್‍ಯಾಲಿ ನೋಡಿ ಬೆಳೆದ ಚಿಕ್ಕಮಗಳೂರಿನಲ್ಲಿ ಜಿಪ್ಸಿಗೆ ಪರ್ಫಾರ್ಮೆನ್ಸ್ ಕ್ಯಾಮ್‌ಶಾಫ್ಟ್ (ಇಂಜಿನ್ ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ದಂಡ) ಹಾಕಿಸುವ ಆಸೆ ಸಹಜ. ನಮ್ಮ ತಕರಾರು ಕ್ಯಾಮ್ ಮೇಲಲ್ಲ, ಅದರ ಜೊತೆಗೆ ಇನ್ಯಾರದೋ ಗಾಡಿಯ ಮ್ಯಾಪ್ ಫೈಲನ್ನು (ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಎಂಬ ಪಟ್ಟಿ) ಇಂಜಿನ್ ಕಂಪ್ಯೂಟರ್ ಆದ ಇಸಿಯುಗೆ ತುಂಬಿ ಕಳಿಸುವುದರ ಮೇಲೆ.

ಇಂಥ ಕ್ಯಾಮ್‌ನಲ್ಲಿ ಇನ್‌ಲೆಟ್, ಎಕ್ಸಾಸ್ಟ್ ವಾಲ್ವ್‌ಗಳು ಒಟ್ಟಿಗೆ ತೆರೆದಿರುವ ಹೊತ್ತು ಜಾಸ್ತಿ. ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡ್ (ಇಂಜಿನ್‌ಗೆ ಗಾಳಿ ಒಯ್ಯುವ ಕೊಳವೆ) ಒತ್ತಡ ಮೊದಲು 30-35 ಕಿಲೋಪಾಸ್ಕಲ್ ಇದ್ದದ್ದು 50 ದಾಟುತ್ತದೆ. ಆಕ್ಸಿಲರೇಟರ್ ಒತ್ತಿದ್ದಾರೆಂದು ಇಸಿಯು ಪೆಟ್ರೋಲ್ ಸುರಿಯುತ್ತದೆ. ಸುಟ್ಟ ಹೊಗೆ ವಾಪಸ್ ನುಗ್ಗಿ ಮಿಶ್ರಣ ಸರಿಯಾಗಿ ಉರಿಯುವುದಿಲ್ಲ. ಹಾಗೆ ಉಳಿದ ಆಮ್ಲಜನಕ ಕಂಡ ಆಕ್ಸಿಜನ್ ಸೆನ್ಸರ್, ಪೆಟ್ರೋಲ್ ಸಾಲದು ಎನ್ನುತ್ತದೆ. ಎರಡೂ ಸುಳ್ಳು ಸಾಕ್ಷಿ! ಪ್ಲಗ್ ಕಪ್ಪಾಗುತ್ತದೆ, ಪೆಟ್ರೋಲ್ ಇಳಿದು ಇಂಜಿನ್ ಆಯಿಲ್ ತೆಳುವಾಗುತ್ತದೆ.

ಲ್ಯಾಪ್‌ಟಾಪ್ ತೆರೆಯುವ ಮೊದಲೇ ಆಗಬೇಕಾದ ಕೆಲಸವಿದೆ. ಪಿಸ್ಟನ್ ಮೇಲೆ ಜೇಡಿಮಣ್ಣಿನಂಥ ಕ್ಲೇ ಮೆತ್ತಿ, ಹೆಡ್ ಕೂರಿಸಿ, ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಕ್ಲೇ ಕೊಯ್ದು ಅಳೆಯಿರಿ. ಇನ್‌ಲೆಟ್ ಕಡೆ 2, ಎಕ್ಸಾಸ್ಟ್ ಕಡೆ 2.5 ಮಿ.ಮೀ. ಉಳಿದಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಟ್ಯಾಪೆಟ್ ಗ್ಯಾಪ್ (ವಾಲ್ವ್ ಮೇಲೆ ಬಿಡುವ ಸಣ್ಣ ಸಂದು) ಕ್ಯಾಮ್ ಜೊತೆ ಬಂದ ಕಾರ್ಡಿನಲ್ಲಿರುವಂತೆಯೇ ಇರಲಿ, ಹಳೆಯ ಲೆಕ್ಕ ಬೇಡ. ಕ್ಯಾಮ್ ತಿರುಗಿಸುವ ಟೈಮಿಂಗ್ ಬೆಲ್ಟ್ ಒಂದು ಹಲ್ಲು ತಪ್ಪಿದ್ದರೆ ಯಾವ ಮ್ಯಾಪೂ ಅದನ್ನು ಸರಿಮಾಡದು.

ಆಮೇಲೆ ಎಕ್ಸಾಸ್ಟ್‌ಗೆ ಮಿಶ್ರಣವನ್ನು ನಿಖರವಾಗಿ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ, ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನ ಕ್ಲೋಸ್ಡ್ ಲೂಪ್ (ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ತಾನೇ ಪೆಟ್ರೋಲ್ ತಿದ್ದುವುದು) ಆಫ್ ಮಾಡಿ. ಐಡ್ಲಿಂಗ್ 1,000-1,100 ಆರ್‌ಪಿಎಂ ಇರಲಿ. ಮ್ಯಾಪ್ ಪಟ್ಟಿಯಲ್ಲಿ ಅದರ ಸುತ್ತಲಿನ ಮನೆಗಳಲ್ಲೆಲ್ಲ ಇಗ್ನಿಷನ್ ಅಡ್ವಾನ್ಸ್ (ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರಿಸುವ ಮುಂಗಡ) ಒಂದೇ ಇರಬೇಕು, 15-18 ಡಿಗ್ರಿ; ಮನೆಯಿಂದ ಮನೆಗೆ ಬದಲಾದರೆ ಆರ್‌ಪಿಎಂ ತೂಗಾಡುತ್ತದೆ. ಪೆಟ್ರೋಲನ್ನು ಸಲಕ್ಕೆ ಶೇ. 3-5ರಂತೆ ಇಳಿಸುತ್ತ ಬನ್ನಿ. ಇಲ್ಲಿ ಮೀಟರಿಗಿಂತ ಕಿವಿಯೇ ಮೇಲು: ಇಂಜಿನ್ ನಡುಗತೊಡಗಿದರೆ ಒಂದು ಹೆಜ್ಜೆ ಹಿಂದೆ ಬನ್ನಿ. ಫುಲ್ ಥ್ರಾಟಲ್‌ನಲ್ಲಿ ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅಳತೆ; 1ಕ್ಕಿಂತ ಕಡಿಮೆಯೆಂದರೆ ಪೆಟ್ರೋಲ್ ಜಾಸ್ತಿ) 0.86-0.88 ಇರಲಿ, ಇಂಜೆಕ್ಟರ್ ಡ್ಯೂಟಿ (ಇಂಜೆಕ್ಟರ್ ತೆರೆದಿರುವ ಹೊತ್ತಿನ ಪಾಲು) ಶೇ. 85 ಮೀರದಿರಲಿ. ಮೇಲಿನ ಆರ್‌ಪಿಎಂನಲ್ಲಿ ಇಗ್ನಿಷನ್ ಎರಡು ಮೂರು ಡಿಗ್ರಿ ಕಡಿಮೆಯಿಂದ ಶುರುಮಾಡಿ, ನಾಕಿಂಗ್ (ಮಿಶ್ರಣ ತಾನೇ ಸಿಡಿಯುವ ಟಕಟಕ ಸದ್ದು) ಬರುತ್ತದೆಯೇ ಎಂದು ಕೇಳಿಸಿಕೊಳ್ಳುತ್ತ ಏರಿಸಬೇಕು.

ಮ್ಯಾನಿಫೋಲ್ಡ್ ಒತ್ತಡ ತೀರಾ ಕುಣಿಯುತ್ತಿದ್ದರೆ ಆಕ್ಸಿಲರೇಟರ್ ಎಷ್ಟು ತೆರೆದಿದೆ ಎಂದು ತಿಳಿಸುವ ಥ್ರಾಟಲ್ ಸೆನ್ಸರ್ ಆಧರಿಸಿ ಮ್ಯಾಪ್ ಬರೆಯುವುದುಂಟು. ಮಲೆನಾಡಿನಲ್ಲಿ ಎಡವಟ್ಟಾಗುವುದು ಇಲ್ಲೇ. ಗಾಳಿಯ ಒತ್ತಡ ಮಂಗಳೂರಿನಲ್ಲಿ 101 ಕಿಲೋಪಾಸ್ಕಲ್ ಇದ್ದರೆ ನಮ್ಮೂರಲ್ಲಿ ಸುಮಾರು 90, ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ 80ರ ಆಸುಪಾಸು. ಥ್ರಾಟಲ್ ಸೆನ್ಸರಿಗೆ ಇದು ತಿಳಿಯದು. ಬ್ಯಾರೋಮೀಟರ್ ತಿದ್ದುಪಡಿ ಬೇಕೇ ಬೇಕು. ಕೆಲವು ಇಸಿಯುಗಳು ಹೊರಗಿನ ಒತ್ತಡವನ್ನು ಕೀ ಹಾಕಿದಾಗ ಮಾತ್ರ ಓದುತ್ತವೆ. ಅಂಥ ಗಾಡಿಯಲ್ಲಿ ಚಾರ್ಮಾಡಿ ಹತ್ತಿ ಬಂದವರು ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಂತಾಗ ಇಂಜಿನ್ ಆಫ್ ಮಾಡಿದರೆ ಸಾಕು, ಹೊಸ ಲೆಕ್ಕ ಸಿಗುತ್ತದೆ.

ಇದೆಲ್ಲ ರ್‍ಯಾಲಿ ಗಾಡಿಯ ಮಾತು. ರಸ್ತೆ ಗಾಡಿಯನ್ನು ಆರ್‌ಸಿಯಲ್ಲಿರುವ ಕಂಪನಿ ವಿವರಕ್ಕೆ ಹೊಂದದಂತೆ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ.

ಇನ್ನೊಂದು ಮಾತು ಬ್ರೇಕಿನದು. ಮ್ಯಾನಿಫೋಲ್ಡ್ ಒತ್ತಡ ಏರಿದರೆ ಅಲ್ಲಿನ ವ್ಯಾಕ್ಯೂಮ್ ಇಳಿಯುತ್ತದೆ; ಅದರಿಂದಲೇ ಪೆಡಲಿಗೆ ನೆರವಾಗುವ ಬ್ರೇಕ್ ಬೂಸ್ಟರ್ ಬಲವೂ ಇಳಿಯುತ್ತದೆ. ಐಡ್ಲಿಂಗ್‌ನಲ್ಲಿ ಬ್ರೇಕನ್ನು ಬೆನ್ನುಬೆನ್ನಿಗೆ ಮೂರು ಸಲ ಒತ್ತಿ ನೋಡಿ. ಮೂರನೆಯದಕ್ಕೆ ಪೆಡಲ್ ಗಟ್ಟಿಯಾದರೆ ವ್ಯಾಕ್ಯೂಮ್ ಟ್ಯಾಂಕ್ ಹಾಕಿಸುವವರೆಗೆ ಆ ಗಾಡಿ ಘಾಟಿ ಇಳಿಯಬಾರದು.

– ಇಂಜಿನ್ ಕೆಲಸದವರು, ಚಿಕ್ಕಮಗಳೂರು