ಕಾಶಿ ಸಾಕು, ಗಂಟೆ ಹೊಡೆದ ಹುಡುಗನನ್ನು ಹುಡುಕು

ಪ್ರಿಯ ಗೆಳೆಯ,

ನಿನ್ನ ಬರಹ ತಲುಪಿತು, ಓದಿದೆ. ಯಲಬುರ್ಗಾ ಕಡೆಯ ನಿನ್ನ ಶಾಲೆಯ ಮಾಸ್ತರರು ತೀರಿಕೊಂಡು ವರ್ಷವಾಗುತ್ತಾ ಬಂತು. ಅಷ್ಟರೊಳಗೆ ಅವರ ನೆನಪಿನ ಬರಹ ಮುಗಿಸಬೇಕು ಅಂತ ನಿನ್ನ ಆಸೆ. ಮುಗಿಸು. ಆದರೆ ಈಗ ಇರುವ ಹಾಗೆ ಮಾತ್ರ ಅಚ್ಚಿಗೆ ಕೊಡಬೇಡ.

ಯಾಕೆ ಅಂತ ನೇರವಾಗಿ ಹೇಳುತ್ತೇನೆ. ಅರ್ಧಕ್ಕಿಂತ ಜಾಸ್ತಿ ಪುಟಗಳಲ್ಲಿ ಕಾಶಿ, ಹರಿದ್ವಾರ, ರಾಮೇಶ್ವರ, ಡಾರ್ಜಿಲಿಂಗ್ ಇವೆ. ಮಾಸ್ತರರು ಇಲ್ಲ. ಗಂಗಾರತಿಯ ವರ್ಣನೆ ಯಾವುದೋ ವಿಡಿಯೊ ನೋಡಿ ಬರೆದದ್ದು ಅಂತ ಮೊದಲ ಸಾಲಿಗೇ ಗೊತ್ತಾಗುತ್ತದೆ. ಅವರು ಕಾಶಿಯಲ್ಲಿದ್ದಾಗ ನೀನು ಊರಲ್ಲಿ ಗೋಲಿ ಆಡುತ್ತಿದ್ದೆ. ನೀನು ಕಂಡದ್ದು ಜೂನ್ ತಿಂಗಳ ಮಾಸ್ತರರನ್ನು. ಬೇಸಿಗೆ ರಜೆಯೆಲ್ಲ ತಿರುಗಿ, ಮುಖ ಕಪ್ಪಾಗಿಸಿಕೊಂಡು, ಶಾಲೆ ಶುರುವಾದ ದಿನ ಬಂದು ನಿಂತವರನ್ನು. ಊರೂರು ತಿರುಗಿದವರು ಬೇಕಾದಷ್ಟು ಜನ ಇದ್ದಾರೆ. ತಿರುಗಿ ಬಂದು ನಾಲ್ಕನೇ ಕ್ಲಾಸಿನಲ್ಲಿ ಇವರು ಏನು ಮಾಡಿದರು ಅನ್ನುವುದು ನಿನ್ನ ವಿಷಯ. ಮಿಕ್ಕಿದ್ದು ರೈಲ್ವೆ ಟೈಮ್‌ಟೇಬಲ್.

ನಿನ್ನ ಒಂಬತ್ತನೇ ಪುಟದಲ್ಲಿ ಒಂದು ಸಾಲು ಇದೆ. ಹೈದರಾಬಾದಿಗೆ ಹೋಗಿ ಬಂದ ವರ್ಷ ಮಾಸ್ತರರು ಒಬ್ಬ ಹುಡುಗನನ್ನು ಬಾಗಿಲ ಹಿಂದೆ ನಿಲ್ಲಿಸಿ ಗಂಟೆ ಹೊಡೆಸುತ್ತಿದ್ದರು ಅಂತ. ಅಷ್ಟೇ. ಮುಂದಿನ ಸಾಲಿಗೆ ನೀನು ಹರಿದ್ವಾರಕ್ಕೆ ಹೊರಟುಬಿಟ್ಟೆ! ಫೋನಿನಲ್ಲಿ ಕೆದಕಿ ಕೇಳಿದ ಮೇಲೆ ತಾನೇ ನೀನು ಪೂರ್ತಿ ಹೇಳಿದ್ದು. ಅಲ್ಲಿಯ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಒಂದು ದೊಡ್ಡ ಗಡಿಯಾರ ಇದೆ. ಪ್ರತಿ ಗಂಟೆಗೂ ಗಡ್ಡದ ಪುಟ್ಟ ಮನುಷ್ಯನೊಬ್ಬ ಒಳಗಿಂದ ಬಂದು ಗಂಟೆ ಬಾರಿಸಿ ಹೋಗುತ್ತಾನೆ. ಅದನ್ನು ನೋಡಲು ಜನ ಮೊದಲೇ ಬಂದು ಜಾಗ ಹಿಡಿಯುತ್ತಾರೆ. ಮಾಸ್ತರರು ಇದನ್ನು ಬೋರ್ಡಿನ ಮೇಲೆ ಬರೆದು ವಿವರಿಸಲಿಲ್ಲ. ಆಫೀಸ್ ಕೋಣೆಯ ಬಾಗಿಲಿಗೆ ಹಳೇ ಜಮಖಾನ ಇಳಿಬಿಟ್ಟರು. ಹುಡುಗನಿಗೆ ಹತ್ತಿಯ ಗಡ್ಡ ಅಂಟಿಸಿದರು. ಅವನು ಬಿಗಿಯಾಗಿ ನಡೆದು ಬಂದು, ಬೇವಿನ ಗಿಡಕ್ಕೆ ನೇತುಹಾಕಿದ್ದ ಹಳಿ ತುಂಡಿಗೆ ಎಣಿಸಿ ಹೊಡೆದು, ಹಿಂದೆ ನೋಡದೆ ಒಳಗೆ ಹೋಗಬೇಕು. ನಗಬಾರದು. ನಕ್ಕರೆ ಮರುದಿನ ಬೇರೆಯವನ ಪಾಳಿ.

ಇದಕ್ಕೆ ಎರಡು ಪುಟ ಕೊಡು. ಆ ಹತ್ತಿ ಯಾರ ಹೊಲದ್ದು? ಯಾವುದರಿಂದ ಅಂಟಿಸಿದರು? ಹುಡುಗಿಯರಿಗೂ ಪಾಳಿ ಸಿಕ್ಕಿತಾ? ಮುಖ್ಯ ಗುರುಗಳು ನೋಡಿ ಏನಂದರು? ಆ ಹುಡುಗ ಈಗ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಇದ್ದಾನೆ ಅಂದೆ. ಬಸ್ ಹತ್ತಿ ಹೋಗು. ಫೋನ್ ಮಾಡಿ ಕೇಳಿದರೆ ಎಲ್ಲರೂ "ಬಾಳ ದೊಡ್ಡ ಮನುಷ್ಯಾರು ಬಿಡ್ರಿ" ಅಂದು ಮುಗಿಸುತ್ತಾರೆ. ಎದುರಿಗೆ ಕೂತು ಚಹಾ ಕುಡಿದರೆ ಅವನೇ ಎದ್ದು ನಡೆದು ತೋರಿಸಿಯಾನು.

ಮಾಸ್ತರರು ಆ ಮ್ಯೂಸಿಯಂಗೇ ಯಾಕೆ ಹೋದರು ಅನ್ನುವುದನ್ನೂ ನೀನು ಬಿಟ್ಟಿದ್ದೀಯ. ಚಾರ್‌ಮಿನಾರ್ ನೋಡಿದವರು ಹಾಗೇ ಹೋಗಿರಬೇಕು ಅಂತ ಓದುಗರು ಅಂದುಕೊಳ್ಳುತ್ತಾರೆ. ಆದರೆ ನಿಮ್ಮ ಕೊಪ್ಪಳ, ಯಲಬುರ್ಗಾ ಸೀಮೆ ಆಗ ನಿಜಾಮರ ದಿವಾನರಾಗಿದ್ದ ಸಾಲಾರ್ ಜಂಗ್ ಮನೆತನದ ಜಹಗೀರು. ನಿಜಾಮರ ರಾಜ್ಯದೊಳಗೇ ಇದ್ದರೂ ಕಂದಾಯ ಆ ದಿವಾನರ ಮನೆಗೆ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. 1949ರಲ್ಲಿ ಜಹಗೀರು ರದ್ದಾದವು. ಮೂರನೇ ಸಾಲಾರ್ ಜಂಗ್ ತೀರಿಕೊಂಡದ್ದೂ ಅದೇ ವರ್ಷ. ಮನೆತನ ಕೂಡಿಟ್ಟಿದ್ದ ವಸ್ತುಗಳೆಲ್ಲ 1951ರಲ್ಲಿ ಮ್ಯೂಸಿಯಂ ಆದವು. ಅಲ್ಲಿ ಮುಸುಕು ಹಾಕಿದ ರೆಬೆಕಾ ಅನ್ನುವ ಅಮೃತಶಿಲೆಯ ಮೂರ್ತಿ ಇದೆ. ಇಟಲಿಯ ಬೆಂಜೋನಿ ಕೆತ್ತಿದ್ದು, 1876ರಲ್ಲಿ ಮೊದಲನೇ ಸಾಲಾರ್ ಜಂಗ್ ಕೊಂಡದ್ದು. ಮುಸುಕೂ ಕಲ್ಲೇ, ಆದರೂ ಒಳಗಿನ ಮುಖ ಕಾಣುತ್ತದೆ. "ಆ ಮುಸುಕಿನಾಗ ನಮ್ಮ ಮುತ್ಯಾನ ಜ್ವಾಳದ ರೊಕ್ಕಾನೂ ಐತಿ" ಅಂತ ಮಾಸ್ತರರು ಕ್ಲಾಸಿನಲ್ಲಿ ಹೇಳಿದರಂತೆ. ನಿನಗೆ ಆ ಮಾತು ನೆನಪಿದೆ, ಆದರೂ ಬರೆದಿಲ್ಲ. ಹರಿದ್ವಾರದ ಚಳಿ ಬರೆದಿದ್ದೀಯ!

ಇತಿಹಾಸ ಆ ಮಾತಿನ ಆಜುಬಾಜು ನಾಲ್ಕು ಸಾಲು ಬಂದರೆ ಸಾಕು. ಬೇರೆ ಅಧ್ಯಾಯ ಮಾಡಿ ಜನರನ್ನು ಮಲಗಿಸಬೇಡ.

ಪ್ರಯಾಣವನ್ನೇ ಬರೆಯಬೇಕು ಅಂದರೆ ಗುಂತಕಲ್ಲಿನ ಬಗ್ಗೆ ಬರೆ. ನಮ್ಮ ಹುಬ್ಬಳ್ಳಿ–ಗುಂತಕಲ್ ದಾರಿ ಆಗ ಮೀಟರ್ ಗೇಜ್, ಅಂದರೆ ಸಣ್ಣ ಹಳಿ. ಕೊಪ್ಪಳದಲ್ಲಿ ಹತ್ತಿದವರು ದೂರ ಹೋಗಬೇಕಾದರೆ ಗುಂತಕಲ್ಲಿನಲ್ಲಿ ಇಳಿದು, ಟ್ರಂಕು ಹೊತ್ತು, ಮುಂಬೈ–ಮದ್ರಾಸ್ ದಾರಿಯ ದೊಡ್ಡ ಗಾಡಿಗೆ ಕಾಯಬೇಕಿತ್ತು. ನಮ್ಮ ದಾರಿ ಬ್ರಾಡ್ ಗೇಜ್ ಆದದ್ದು 90ರ ದಶಕದಲ್ಲಿ. ಅವರ ಜೊತೆ ಆ ಪ್ಲಾಟ್‌ಫಾರ್ಮಿನಲ್ಲಿ ಬುತ್ತಿ ಬಿಚ್ಚಿ ಕೂತವರು ಯಾರಾದರೂ ಇನ್ನೂ ಇದ್ದಾರಾ, ವಿಚಾರಿಸು. ಇನ್ನೊಂದು. ಉತ್ತರದಲ್ಲಿ ಅವರಿಗೆ ಭಾಷೆಯ ತೊಂದರೆ ಆಗಲಿಲ್ಲ, ದೇವರ ದಯೆ ಅಂತ ಬರೆದಿದ್ದೀಯ. ದೇವರ ದಯೆ ಅಲ್ಲ ತಮ್ಮಾ, ನಿಜಾಮರ ಕಾಲದ ಉರ್ದು. ಆಗ ಕಚೇರಿ ಉರ್ದು, ಮೇಲಿನ ಓದು ಉರ್ದು. ಅವರ ಅಪ್ಪ ಕಲಿತದ್ದೂ ಅದನ್ನೇ ಅಂತ ನೀನೇ ಎರಡನೇ ಪುಟದಲ್ಲಿ ಹೇಳಿದ್ದೀಯ. ಎರಡನ್ನೂ ಸೇರಿಸಿ ನೋಡಲಿಲ್ಲ.

ತಾರೀಖು ಸರಿಮಾಡು. 1986ರಲ್ಲಿ ಅವರು ಕೊಂಕಣ ರೈಲಿನಲ್ಲಿ ಗೋಕರ್ಣಕ್ಕೆ ಹೋದರು ಅಂತ ಹಳೇ ವಿದ್ಯಾರ್ಥಿಯೊಬ್ಬರು ಹೇಳಿದ್ದನ್ನು ಹಾಗೇ ಇಳಿಸಿದ್ದೀಯ. ಆ ದಾರಿ ಪೂರ್ತಿ ತೆರೆದದ್ದು 1998ರಲ್ಲಿ. ಆತ ಸುಳ್ಳು ಹೇಳಿಲ್ಲ, ಎರಡು ಪ್ರವಾಸ ಕಲಸಿಕೊಂಡಿದ್ದಾನೆ. "1972ರಲ್ಲಿ ಕೊಪ್ಪಳ ಜಿಲ್ಲೆಯಿಂದ ದೇವದುರ್ಗಕ್ಕೆ ವರ್ಗ" ಅಂದಿದ್ದೀಯ. ಆಗ ಕೊಪ್ಪಳ ಜಿಲ್ಲೆ ಎಲ್ಲಿತ್ತು? 1997ರವರೆಗೂ ಎಲ್ಲ ರಾಯಚೂರು ಜಿಲ್ಲೆಯೇ. ದೇವದುರ್ಗ, ಮಾನ್ವಿ, ಲಿಂಗಸುಗೂರು, ಎಲ್ಲಿಗೆ ಹಾಕಿದರೂ ಹೋಗಲೇಬೇಕು. ಅದೂ ತಿರುಗಾಟವೇ ಅಲ್ವಾ? ಒಲೆ, ಹಾಸಿಗೆ, ಮಕ್ಕಳನ್ನೆಲ್ಲ ಲಾರಿಗೆ ಹಾಕಿಕೊಂಡು ಹೋಗುವ ಆ ತಿರುಗಾಟಕ್ಕೆ ನಿನ್ನ ಬರಹದಲ್ಲಿ ಒಂದು ಸಾಲೂ ಇಲ್ಲ. ಪಿಂಚಣಿ ಕಾಗದಗಳ ಜೊತೆ ಸರ್ವಿಸ್ ಬುಕ್ಕಿನ ನಕಲು ಮನೆಯಲ್ಲಿ ಇರಬಹುದು, ಕೇಳಿ ನೋಡು. ಎಲ್ಲಿ ಯಾವಾಗ ಹಾಜರಾದರು, ಯಾವ ರಜೆ ಎಷ್ಟು ತೆಗೆದುಕೊಂಡರು, ಎಲ್ಲ ಅದರಲ್ಲಿ ಇರುತ್ತದೆ.

ರಜೆ ಅಂದೆನಲ್ಲ. ಬೇಸಿಗೆ, ದಸರಾ ರಜೆ ಸಾಲದೆ ಅವರು ನಡುವೆಯೂ ಹೋಗುತ್ತಿದ್ದರು. ಆಗ ಶಾಲೆ ಏನಾಯಿತು? ನೀನು ಮಾತಾಡಿಸಿದ ಇನ್ನೊಬ್ಬ ಶಿಕ್ಷಕರು ಹೇಳಿದ್ದನ್ನು ಬರಹದಿಂದ ತೆಗೆದುಹಾಕಿದ್ದೀಯ. ನನಗೆ ಮಾತ್ರ ಮೆಸೇಜ್ ಮಾಡಿದ್ದೀಯ: "ಅವ್ರು ಕಾಶಿ ಕಂಡ್ರು, ನಾ ಇಲ್ಲಿ ಎರಡು ಕ್ಲಾಸ್ ಕಾದೆ ನೋಡ್ರಿ." ನಿನ್ನ ಇಡೀ ಬರಹದಲ್ಲಿ ಇಷ್ಟು ಜೀವ ಇರುವ ಇನ್ನೊಂದು ಮಾತು ನನಗೆ ಸಿಗಲಿಲ್ಲ. ಅವರನ್ನೇ ಕೇಳಿ ಒಪ್ಪಿಸಿ ಹಾಕು. ಮಾಸ್ತರರು ಇದರಿಂದ ಸಣ್ಣವರಾಗುವುದಿಲ್ಲ. ಕಾಲು ನೆಲಕ್ಕೆ ತಾಗುತ್ತದೆ, ಅಷ್ಟೇ.

ಹಾಗೇ ಅವರ ಹೆಂಡತಿ. "ಶ್ರೀಮತಿಯವರು ತುಂಬು ಮನಸ್ಸಿನಿಂದ ಕಳಿಸಿಕೊಡುತ್ತಿದ್ದರು" ಅಂತ ಬರೆದಿದ್ದೀಯ. ಯಾರು ಹೇಳಿದರು ನಿನಗೆ? ಆಕೆಯನ್ನು ಒಂದು ಮಾತು ಕೇಳಿದ್ದೀಯಾ? ಸಂಬಳದಲ್ಲಿ ರೈಲು ಚಾರ್ಜು ಹೋದ ಮೇಲೆ ಮನೆ ಹೇಗೆ ನಡೆಯಿತು, ಎಮ್ಮೆ ಕಟ್ಟಿದ್ದರಾ, ಹೊಲಿಗೆ ಮಾಡಿದರಾ, ಅವರನ್ನೂ ಎಂದಾದರೂ ಕರೆದುಕೊಂಡು ಹೋದರಾ? ಹೋಗಿಲ್ಲ ಅಂದರೆ ಅದನ್ನೂ ಬರೆ. ಸುಮ್ನೆ ತುಂಬು ಮನಸ್ಸು ತುಂಬಬೇಡ.

ಪಾಲ್ಕಿಗುಂಡಿನ ಪ್ರಸಂಗ ಚೆನ್ನಾಗಿದೆ. ದಿಲ್ಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಅಶೋಕನ ಕಂಬ ನೋಡಿ ಬಂದವರು ಮಕ್ಕಳನ್ನು ಕೊಪ್ಪಳದ ಗುಡ್ಡ ಹತ್ತಿಸಿ, ಅಲ್ಲಿಯ ಪಾಲ್ಕಿಗುಂಡು ಬಂಡೆಯ ಮೇಲಿನ ಅಶೋಕನ ಶಾಸನದಲ್ಲಿ ಅದೇ ಬ್ರಾಹ್ಮಿ ಅಕ್ಷರ ತೋರಿಸಿ, ಆಮೇಲೆ ಚುರುಮುರಿ ಹಂಚಿದರು. ಅಲ್ಲಿಗೇ ನಿಲ್ಲಿಸು. ಅದರ ಕೆಳಗೆ ನಾಡು ನುಡಿಯ ಹೆಮ್ಮೆಯ ಬಗ್ಗೆ ಇರುವ ಪ್ಯಾರಾ ಹೊಡೆದುಹಾಕು. 'ಜ್ಞಾನದ ಗಣಿ', 'ನಡೆದಾಡುವ ವಿಶ್ವಕೋಶ' ಇವೂ ಬೇಡ. ನಿವೃತ್ತಿಯ ಬೀಳ್ಕೊಡುಗೆಯಲ್ಲಿ ಇದನ್ನೆಲ್ಲ ಓದಿ ಆಗಿರುತ್ತದೆ.

ಗವಿಮಠದ ಜಾತ್ರೆಗೆ ಊರಿನವರೆಲ್ಲ ಕೊಪ್ಪಳಕ್ಕೆ ಬರುತ್ತಾರೆ, ಹಳೇ ಹುಡುಗರು ಒಟ್ಟಿಗೆ ಸಿಗುತ್ತಾರೆ. ಆಗ ಕೇಳಬೇಕಾದ್ದನ್ನೆಲ್ಲ ಕೇಳಿ ಮುಗಿಸು. ಹೊಸದಾಗಿ ಬರೆದದ್ದನ್ನು ಮೊದಲು ಮಾಸ್ತರರ ಮನೆಯಲ್ಲಿ ಓದಿ ಹೇಳು, ಆಮೇಲೆ ನನಗೆ ಕಳಿಸು. ಡಾರ್ಜಿಲಿಂಗಿನ ಪುಟಗಳನ್ನು ಹರಿಯಬೇಡ, ಎತ್ತಿಡು. ಈ ಬರಹಕ್ಕೆ ಮಾತ್ರ ಅವು ಬೇಡ.

ನಿನ್ನ ಹಿತೈಷಿ