ಆಫೀಸ್ ಖರ್ಚೆಷ್ಟು ಅಂತ ಕೇಳಿದ್ರೆ ಸಾಕಾ?

ಮಾನ್ಯ ಸಂಪಾದಕರೇ,

ಬಡವರಿಗಾಗಿ ಕೆಲಸ ಮಾಡೋ ಸಂಸ್ಥೆ ಅಂದ ತಕ್ಷಣ ಎಲ್ರೂ ಕೇಳೋದು ಒಂದೇ ಪ್ರಶ್ನೆ, ನೂರಕ್ಕೆ ಎಷ್ಟು ಬಡವರ ಕೈಗೆ ಹೋಗುತ್ತೆ, ಎಷ್ಟು ಆಫೀಸ್ ಖರ್ಚಿಗೆ ಹೋಗುತ್ತೆ ಅಂತ. ನಾನು ಇಂಥದ್ದೇ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲವು ವರ್ಷ ಲೆಕ್ಕ ಬರೀತಿದ್ದವನು, ಹಾಗಾಗಿ ಈ ಪ್ರಶ್ನೆಗೆ ಚೆಂದದ ಉತ್ತರ ಹೇಗೆ ತಯಾರಾಗುತ್ತೆ ಅಂತ ಚೆನ್ನಾಗಿ ಗೊತ್ತು. ಸಂಬಳಾನ ತರಬೇತಿ ಅಂತ ಬರೆಯೋದು, ಓಡಾಟದ ಖರ್ಚನ್ನ ಕಾರ್ಯಕ್ರಮದ ಖಾತೆಗೆ ತಳ್ಳೋದು. ಕಳ್ಳತನ ಅಂತೂ ಅಲ್ಲ, ಆದ್ರೆ ನೇರವಾದ ಲೆಕ್ಕಾನೂ ಅಲ್ಲ. ಇನ್ನೂ ಖರ್ಚು ಇಳಿಸ್ಬೇಕು ಅಂದಾಗ ಮೊದಲು ಕತ್ತರಿ ಬಿದ್ದಿದ್ದು ಮನೆಮನೆಗೆ ಹೋಗಿ ವಿಚಾರಿಸ್ಕೊಂಡು ಬರ್ತಿದ್ದ ಇಬ್ಬರ ಕೆಲಸಕ್ಕೆ. ಅಲ್ಲಿಂದಾಚೆ ನಾವು ಕೊಟ್ಟಿದ್ದು ಏನಾಯ್ತು ಅಂತ ನಮಗೇ ಗೊತ್ತಿರ್ಲಿಲ್ಲ, ವರದಿ ಮಾತ್ರ ವರ್ಷದಿಂದ ವರ್ಷಕ್ಕೆ ದಪ್ಪ ಆಗ್ತಾ ಹೋಯ್ತು.

ಈ ವಿಷಯದಲ್ಲಿ ನನಗೆ ಪದೇ ಪದೇ ನೆನಪಾಗೋದು ಬಾಂಗ್ಲಾದೇಶದ ಬ್ರ್ಯಾಕ್ ಅನ್ನೋ ಸಂಸ್ಥೆ. 1972ರಲ್ಲಿ ಫಜ್ಲೆ ಹಸನ್ ಅಬೇದ್ ಅನ್ನೋರು ಯುದ್ಧ ಮುಗಿದ ಮೇಲೆ ವಾಪಸ್ ಬಂದ ನಿರಾಶ್ರಿತರಿಗೆ ಮನೆ ಕಟ್ಟಿಕೊಡೋಕೆ ಅಂತ ಶುರು ಮಾಡಿದ್ದು. 1980ರಿಂದ 1990ರವರೆಗೆ ಇವರ ಕೆಲಸಗಾರರು, ಹೆಚ್ಚಿನವರು ಹೆಂಗಸರೇ, ಒಂದು ಕೋಟಿಗೂ ಜಾಸ್ತಿ ಮನೆಗಳಿಗೆ ನಡ್ಕೊಂಡು ಹೋಗಿ, ಮಗುಗೆ ಭೇದಿ ಆದಾಗ ಉಪ್ಪು ಬೆಲ್ಲ ನೀರು ಯಾವ ಅಳತೇಲಿ ಕಲಸಿ ಕುಡಿಸ್ಬೇಕು ಅಂತ ತಾಯಂದಿರಿಗೆ ಕಲಿಸಿದ್ರು. ಮಜಾ ಇರೋದು ಸಂಬಳದಲ್ಲಿ. ಎಷ್ಟು ಮನೆಗೆ ಹೋದ್ರಿ ಅಂತ ನೋಡಿ ದುಡ್ಡು ಕೊಡ್ತಿರ್ಲಿಲ್ಲ. ಕೆಲವು ವಾರ ಬಿಟ್ಟು ಬೇರೆ ಯಾರೋ ಹೋಗಿ ಅದರಲ್ಲಿ ಕೆಲವು ಮನೆ ಆರಿಸ್ಕೊಂಡು, ನಿಮಗೇನು ನೆನಪಿದೆ ಹೇಳಿ ನೋಡೋಣ ಅಂತ ತಾಯಂದಿರನ್ನೇ ಕೇಳ್ತಿದ್ರು, ಅವರಿಗೆ ಎಷ್ಟು ನೆನಪಿದೆಯೋ ಅದರ ಮೇಲೆ ಕಲಿಸಿದವರ ಸಂಬಳ. ಅಷ್ಟಾದ್ರೂ ಶುರುವಿನಲ್ಲಿ ತಾಯಂದಿರಿಗೆ ಪಾಠ ಬಾಯಿಗೆ ಬರ್ತಿತ್ತು, ಮಗುಗೆ ಭೇದಿ ಆದ್ರೆ ಮಾತ್ರ ಕುಡಿಸ್ತಿರ್ಲಿಲ್ಲ. ಯಾಕೆ ಅಂತ ಕೆದಕಿದ್ರೆ ಕಲಿಸೋಕೆ ಹೋಗ್ತಿದ್ದವರಲ್ಲೇ ಎಷ್ಟೋ ಜನಕ್ಕೆ ಅದರ ಮೇಲೆ ನಂಬಿಕೆ ಇರ್ಲಿಲ್ಲ, ತಮಗೆ ಭೇದಿ ಆದ್ರೆ ಬೇರೆ ಔಷಧಿ ತಗೊಳ್ತಿದ್ರು! ಆಮೇಲೆ ಅವರಿಗೇ ಹೊಸದಾಗಿ ತರಬೇತಿ ಕೊಟ್ಟು, ಮನೆ ಗಂಡಸರನ್ನೂ ಕೂರಿಸಿ ಹೇಳೋಕೆ ಶುರು ಮಾಡಿದ್ರು. ಈಗ ಹೇಳಿ, ಆ ಎರಡನೇ ಸಲ ಹೋಗಿ ಕೇಳ್ಕೊಂಡು ಬಂದವರ ಸಂಬಳ ಯಾವ ಖಾತೆಗೆ ಬರೀತೀರಿ? ನಮ್ಮ ಲೆಕ್ಕದಲ್ಲಾದ್ರೆ ಅದು ಆಫೀಸ್ ಖರ್ಚು.

ಇದೇ ಬ್ರ್ಯಾಕ್ 2002ರಲ್ಲಿ ಕಡು ಬಡವರಿಗೆ ಅಂತಲೇ ಬೇರೆ ಕೆಲಸ ಶುರು ಮಾಡ್ತು, ಯಾಕಂದ್ರೆ ಸಣ್ಣ ಸಾಲ ಕೊಡೋ ಯೋಜನೆ ತೀರಾ ಕೆಳಗಿದ್ದವರನ್ನ ಮುಟ್ತಾನೇ ಇರ್ಲಿಲ್ಲ, ತೀರಿಸೋ ದಾರಿ ಇಲ್ಲದವರು ಸಾಲಕ್ಕೆ ಕೈ ಚಾಚೋದಾದ್ರೂ ಹೇಗೆ. ಒಂದು ಹಸುನೋ ಕುರಿನೋ ಕೊಡೋದು, ಅದು ಫಲ ಕೊಡೋವರೆಗೆ ಹೊಟ್ಟೆಪಾಡಿಗೆ ಸ್ವಲ್ಪ ದುಡ್ಡು, ಸಾಕೋದು ಹೇಗೆ ಅಂತ ತರಬೇತಿ, ಉಳಿತಾಯ, ಮತ್ತೆ ಸುಮಾರು ಎರಡು ವರ್ಷ ಒಬ್ಬರು ತಪ್ಪದೆ ಮನೆಗೆ ಬಂದು ಹೋಗೋದು. ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರು, ಈ ಆರು ದೇಶದಲ್ಲಿ 10,000ಕ್ಕೂ ಹೆಚ್ಚು ಕುಟುಂಬಗಳನ್ನ ಇಟ್ಕೊಂಡು ಸಂಶೋಧಕರು ಇದನ್ನ ಪರೀಕ್ಷೆ ಮಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದ್ರು. ಎಲ್ಲಾ ನಿಂತು ಒಂದು ವರ್ಷ ಆದ್ಮೇಲೂ ಆ ಮನೆಗಳ ಊಟ, ಆದಾಯ ಈ ಸಹಾಯ ಸಿಗದ ಅಂಥದ್ದೇ ಮನೆಗಳಿಗಿಂತ ಮೇಲೇ ಇತ್ತು. ಹೊಂಡುರಾಸ್ ಒಂದರಲ್ಲಿ ಮಾತ್ರ ಹಾಕಿದ ದುಡ್ಡು ಗಿಟ್ಟಲಿಲ್ಲ, ಅಲ್ಲಿ ಕೊಟ್ಟಿದ್ದು ಹೆಚ್ಚಾಗಿ ಕೋಳಿ, ರೋಗ ಬಂದು ಸತ್ತವು. ಅದನ್ನೂ ಮುಚ್ಚಿಡದೆ ಬರ್ಕೊಂಡಿದಾರೆ ನೋಡಿ, ನನಗೆ ಇಷ್ಟ ಆಗೋದು ಅದೇ.

ತಪ್ಪು ಒಪ್ಕೊಳ್ಳೋದು ಅಂದಾಗ ಇನ್ನೊಂದು. ಹಸಿವಿನ ತಿಂಗಳುಗಳಲ್ಲಿ ಊರಿನವರು ಪಟ್ಟಣಕ್ಕೆ ಹೋಗಿ ದುಡಿದು ಬರ್ಲಿ ಅಂತ ಬಸ್ ಖರ್ಚಿಗೆ ಸಣ್ಣ ಸಾಲ ಕೊಡೋ ಒಂದು ಯೋಜನೆ ಬಾಂಗ್ಲಾದೇಶದಲ್ಲೇ ಇತ್ತು, ಎವಿಡೆನ್ಸ್ ಆಕ್ಷನ್ ಅನ್ನೋ ಸಂಸ್ಥೆದು. ಸಣ್ಣದಾಗಿ ಮಾಡಿದಾಗ ಭಾರಿ ಫಲ, ದೊಡ್ಡದು ಮಾಡಿ ಮತ್ತೆ ಅಳೆದು ನೋಡಿದ್ರೆ ಆ ಫಲ ಕಾಣ್ಲಿಲ್ಲ, 2019ರಲ್ಲಿ ಅವರೇ ನಿಲ್ಲಿಸಿಬಿಟ್ರು. ಇದಕ್ಕೆ ಉಲ್ಟಾ, ಆಫ್ರಿಕಾದಲ್ಲಿ ಮಕ್ಕಳು ತಿರುಗೋ ಚಕ್ರದ ಮೇಲೆ ಆಟ ಆಡಿದ್ರೆ ನೀರು ಮೇಲೆ ಬರುತ್ತೆ ಅನ್ನೋ ಪಂಪ್‌ಗೆ ಫೋಟೋ ಚೆನ್ನಾಗಿ ಬರುತ್ತೆ ಅಂತಲೋ ಏನೋ ದುಡ್ಡಿನ ಮಳೆಯೇ ಸುರೀತು. ಮಕ್ಕಳು ದಿನಾ ಎಷ್ಟೊತ್ತು ಆಡ್ತಾರೆ, ಕೊನೆಗೆ ಹೆಂಗಸರು ಆ ಚಕ್ರಾನ ಕೈಯಲ್ಲಿ ತಳ್ಳಿ ನೀರು ತುಂಬಿಸ್ಕೊಳ್ಳೋ ಹಾಗಾಯ್ತು, ಕೆಟ್ಟುಹೋದ್ರೆ ರಿಪೇರಿಗೂ ದಿಕ್ಕಿಲ್ಲ.

ಇನ್ನು ಬಾಳಿಕೆ ವಿಷಯ. 2025ರಲ್ಲಿ ಅಮೆರಿಕ ಬೇರೆ ದೇಶಗಳಿಗೆ ನೆರವು ಕೊಡ್ತಿದ್ದ ತನ್ನ ಯುಎಸ್‌ಏಡ್ ಸಂಸ್ಥೆನೇ ಮುಚ್ಚಿದಾಗ ಅದೊಂದನ್ನೇ ನಂಬ್ಕೊಂಡಿದ್ದ ಎಷ್ಟೋ ಸಂಸ್ಥೆಗಳ ಕೆಲಸ ಅರ್ಧಕ್ಕೆ ನಿಂತುಹೋಯ್ತು. ಬ್ರ್ಯಾಕ್ 1978ರಲ್ಲೇ ಕರಕುಶಲ ವಸ್ತು ಮಾರೋಕೆ ಆಡೊಂಗ್ ಅನ್ನೋ ಅಂಗಡಿ ಶುರು ಮಾಡಿ, ಆಮೇಲೆ ಡೈರಿ, ಬ್ಯಾಂಕ್ ಅಂತ ತನ್ನದೇ ಆದಾಯದ ದಾರಿ ಮಾಡ್ಕೊಳ್ತು. ಎಲ್ಲರಿಗೂ ಇದು ಆಗೋ ಮಾತಲ್ಲ, ವ್ಯಾಪಾರಕ್ಕೆ ಕೈ ಹಾಕಿ ಬಡವರನ್ನೇ ಮರೆತವರೂ ಇದಾರೆ. ಆದ್ರೆ ಒಬ್ಬ ದಾನಿ ಕೈ ಬಿಟ್ರೆ ಆರು ತಿಂಗಳು ಸಂಬಳ ಕೊಡೋಷ್ಟು ಗಂಟಾದ್ರೂ ಇರ್ಬೇಕಲ್ವಾ. ನಾವು ಇಟ್ಕೊಂಡಿರ್ಲಿಲ್ಲ, ಖಾತೇಲಿ ದುಡ್ಡು ಉಳಿದ್ರೆ ನಿಮಗ್ಯಾಕೆ ಇನ್ನೂ ಕೊಡ್ಬೇಕು ಅಂತ ದಾನಿಗಳೇ ಗದರಿಸ್ತಿದ್ರು.

ನಿಮ್ಮಲ್ಲಿ ಕೇಳ್ಕೊಳ್ಳೋದು ಇಷ್ಟೇ. ಕುರಿ ಹಂಚಿದ ದಿನದ ವೇದಿಕೆ ಫೋಟೋ ಹಾಕಿ, ಬೇಡ ಅನ್ನಲ್ಲ. ಎರಡು ವರ್ಷ ಬಿಟ್ಟು ಅದೇ ಮನೆಗಳಿಗೆ ಒಬ್ಬ ವರದಿಗಾರರನ್ನೂ ಕಳ್ಸಿ, ಕುರಿ ಇದ್ಯಾ, ಎಷ್ಟು ಮರಿ ಹಾಕ್ತು, ಮಾರಿದ್ರೆ ಯಾವ ಕಷ್ಟಕ್ಕೆ ಮಾರಿದ್ರು, ಕೊಟ್ಟವರು ಆಮೇಲೆ ಒಂದ್ಸಲ ಆದ್ರೂ ಬಂದಿದ್ರಾ ಅಂತ ಕೇಳ್ಲಿ.

ಇಂತಿ,
ನಿಮ್ಮ ಓದುಗ