ಶಾಸಕರೇ, ಆಸ್ಪತ್ರೆಯ ಗೋಡೆಗೆ ಇನ್ನೊಂದು ಫಲಕ ಹಾಕಿಸಿ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಾನು ನಿಮ್ಮ ಕ್ಷೇತ್ರದ ಮತದಾರಳು. ಕಾರವಾರದಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿಯಿಂದ ಒಳಗೆ, ಅಳಿವೆಯ ದಡದಲ್ಲಿ ನಮ್ಮ ಮನೆ. ಬಟ್ಟೆ ಹೊಲಿದು ಬದುಕುತ್ತೇನೆ. ಊರಿನ ಹೆಸರನ್ನಾಗಲೀ ಆಸ್ಪತ್ರೆಯ ಹೆಸರನ್ನಾಗಲೀ ಬರೆಯುವುದಿಲ್ಲ. ಬರೆದರೆ ನನ್ನ ತಂಗಿ ಯಾರೆಂದು ಗೊತ್ತಾಗುತ್ತದೆ. ಅವಳ ಗುಟ್ಟನ್ನು ಒಮ್ಮೆ ಆಸ್ಪತ್ರೆಯವರೇ ರಟ್ಟು ಮಾಡಿದ್ದಾರೆ. ಮತ್ತೊಮ್ಮೆ ಆ ಕೆಲಸ ನನ್ನಿಂದ ಆಗಬಾರದು.

ತಂಗಿಗೆ ಇಬ್ಬರು ಮಕ್ಕಳು. ಗಂಡ ಮಲ್ಪೆಯ ಬೋಟಿನಲ್ಲಿ ಕೆಲಸಕ್ಕೆ ಹೋಗುತ್ತಾನೆ. ಕಡಲಿಗಿಳಿದರೆ ಹತ್ತು ಹನ್ನೆರಡು ದಿನ ಫೋನು ಸಿಗುವುದಿಲ್ಲ. ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಆರಿಸಿ ಮಾರುವುದು ತಂಗಿಯ ದುಡಿಮೆ. ಗರ್ಭ ನಿಲ್ಲದಿರಲೆಂದು ಹಾಕಿಸಿಕೊಂಡಿದ್ದ ವಂಕಿ ಯಾವಾಗಲೋ ಜಾರಿಹೋಗಿ ಗರ್ಭ ನಿಂತಿತ್ತು. ತಾಲೂಕು ಆಸ್ಪತ್ರೆಗೆ ಮೊದಲ ಸಲ ಹೋದಾಗ ಏಳು ವಾರ. ಮಾತ್ರೆಯಲ್ಲೇ ಮುಗಿಯುವ ಸಮಯ ಅದು.

ಚೀಟಿ ಮಾಡಿಸಿ ಬೆಂಚಿನ ಮೇಲೆ ಕುಳಿತಿದ್ದೆವು. ಸುತ್ತ ಇಪ್ಪತ್ತು ಮೂವತ್ತು ಜನರಿದ್ದರು. ಒಳಗಿನಿಂದ ಬಂದ ಸಿಸ್ಟರ್ ಬಾಗಿಲಲ್ಲೇ ನಿಂತು, "ಗರ್ಭ ತೆಗೆಸಲು ಬಂದವರು ಯಾರು?" ಎಂದು ಕೂಗಿ ಕೇಳಿದರು. ತಂಗಿ ಏಳಲಿಲ್ಲ. ಎರಡನೆಯ ಸಲ ಕೂಗುವಾಗ ಅವಳ ಹೆಸರನ್ನೂ ಸೇರಿಸಿದರು. ನಮ್ಮ ಕೇರಿಯ ಹೆಂಗಸೊಬ್ಬರು ಎದುರಿನ ಬೆಂಚಿನಲ್ಲಿದ್ದರು. ತಂಗಿ ಸೆರಗನ್ನು ಮುಖಕ್ಕೆ ಎಳೆದುಕೊಂಡು ಎದ್ದಳು. ನಾವು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ಮೂರನೆಯ ತರಗತಿಯಲ್ಲಿ ಓದುವ ಅವಳ ಮಗ ಮರುದಿನ ಶಾಲೆಯಿಂದ ಅಳುತ್ತ ಬಂದ. ಯಾರು ಏನೆಂದರೆಂದು ಇಂದಿಗೂ ಹೇಳಿಲ್ಲ.

ಕಾನೂನು ನಿಮಗೆ ಗೊತ್ತಿರುತ್ತದೆ. ಗರ್ಭಪಾತ ಮಾಡಿಸಿಕೊಂಡವಳ ಹೆಸರನ್ನು ಹೊರಗೆ ಹೇಳಬಾರದು, ಹೇಳಿದರೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು ಎಂದು ವೈದ್ಯಕೀಯ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಲ್ಲಿ 5ಎ ಕಲಂ ಸೇರಿದೆ. ಆ ಸಿಸ್ಟರ್ ಜೈಲಿಗೆ ಹೋಗಲಿ ಎಂದು ನಾನು ಬಯಸುವುದಿಲ್ಲ. ಹೀಗೊಂದು ಕಲಂ ಇದೆಯೆಂದು ಅವರಿಗೆ ಯಾರೂ ಹೇಳಿದಂತೆ ಕಾಣಲಿಲ್ಲ.

ಒಳಗೆ ಹೋದ ಮೇಲೆ ಒಂದೇ ಮಾತು: "ಗಂಡನ ಸಹಿ ಬೇಕು." ಅವನು ಕಡಲಲ್ಲಿದ್ದಾನೆ ಎಂದೆವು. "ಬಂದ ಮೇಲೆ ಬನ್ನಿ" ಎಂದರು. ಹನ್ನೆರಡು ದಿನ ಕಾದೆವು. ಅವನು ಬಂದರಿನಿಂದ ನೇರವಾಗಿ ಬಸ್ಸು ಹಿಡಿದು ಬಂದು ಸಹಿ ಹಾಕಿದ. ಆ ಹೊತ್ತಿಗೆ ಈ ಕೆಲಸ ಮಾಡುವ ವೈದ್ಯರು ಬೇರೆ ಕಡೆ ನಿಯೋಜನೆಯ ಮೇಲೆ ಹೋಗಿದ್ದರು. ಸೋಮವಾರ ಬನ್ನಿ ಎಂದರು, ಆಮೇಲೆ ಗುರುವಾರ ಎಂದರು. ಒಂಬತ್ತು ವಾರ ದಾಟಿತು. ಇನ್ನು ಮಾತ್ರೆ ಕೊಡಲು ಬರುವುದಿಲ್ಲ, ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಬರೆದುಕೊಟ್ಟರು. ಹನ್ನೊಂದನೆಯ ವಾರದಲ್ಲಿ ಪಕ್ಕದ ಜಿಲ್ಲೆಯ ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸಿದೆವು. ಅದಕ್ಕೆ ಸಂಘದಿಂದ ಪಡೆದ ಹದಿನೈದು ಸಾವಿರ ಸಾಲವನ್ನು ತಂಗಿ ಈಗ ಬಳಚು ಮಾರಿ ತೀರಿಸುತ್ತಿದ್ದಾಳೆ.

ಶಾಸಕರೇ, ಆ ಸಹಿ ಯಾವ ಕಾನೂನಿನಲ್ಲಿದೆ? 1972ರ ಏಪ್ರಿಲ್ 1ರಂದು ಜಾರಿಗೆ ಬಂದ ವೈದ್ಯಕೀಯ ಗರ್ಭಪಾತ ಕಾಯ್ದೆಯ ಮೂರನೆಯ ಕಲಮಿನಲ್ಲಿ ಗರ್ಭಿಣಿಯ ಒಪ್ಪಿಗೆ ಬೇಕೆಂದಿದೆ. ಅವಳು ಹದಿನೆಂಟು ತುಂಬದವಳೋ ಮಾನಸಿಕ ಅಸ್ವಸ್ಥಳೋ ಆಗಿದ್ದರೆ ಮಾತ್ರ ಪೋಷಕರ ಸಹಿ ಬೇಕು. ಗಂಡ ಎಂಬ ಮಾತೇ ಅಲ್ಲಿಲ್ಲ. ಗರ್ಭನಿರೋಧಕ ವಿಫಲವಾಗಿ ನಿಂತ ಗರ್ಭವನ್ನು ಇಪ್ಪತ್ತು ವಾರದೊಳಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇಲೆ ತೆಗೆಯಬಹುದು. ಮದುವೆಯಾಗದವಳಿಗೂ ಇದು ಅನ್ವಯಿಸುತ್ತದೆ. ಕಾನೂನಿನಲ್ಲಿ ಇಲ್ಲದ ಷರತ್ತುಗಳನ್ನು ವೈದ್ಯರು ಹೇರಬಾರದು, ಮನೆಯವರ ಒಪ್ಪಿಗೆ ಕೇಳಬಾರದು ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಹೇಳಿದೆ.

ನನ್ನ ತಂಗಿಯ ಗಂಡ ಒಳ್ಳೆಯವನು, ಬಂದು ಸಹಿ ಹಾಕಿದ. ಬಿಟ್ಟುಹೋದ ಗಂಡನ ಸಹಿಯನ್ನು ಎಲ್ಲಿಂದ ತರಬೇಕು? ಕುಡಿದು ಬಂದು ಹೊಡೆಯುವವನ ಮುಂದೆ ಆ ಕಾಗದ ಹಿಡಿದು ನಿಲ್ಲುವುದು ಹೇಗೆ? ವಿಧವೆ ಯಾರ ಸಹಿ ತರಬೇಕು? ಇಂಥವರು ನಮ್ಮ ಕೇರಿಯಲ್ಲೇ ಇದ್ದಾರೆ.

ಇದು ಪಾಪ ಎನ್ನುವವರು ನಮ್ಮ ಮನೆಯಲ್ಲೂ ಇದ್ದಾರೆ. ಅಮ್ಮ ಮೂರು ದಿನ ತಂಗಿಯೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಸಂಜೆ ಮೀನು ಹೆರೆಯುತ್ತ ಕುಳಿತವಳು ತನ್ನ ಚಿಕ್ಕಮ್ಮನ ಕತೆ ತೆಗೆದಳು. ಐದು ಹೆತ್ತ ಮೇಲೆ ಆರನೆಯದು ಬೇಡವೆಂದು ಯಾರಿಂದಲೋ ಬೇರು ಇಡಿಸಿಕೊಂಡವಳು ನಂಜೇರಿ, ಒಂದು ವಾರ ಜ್ವರದಲ್ಲಿ ಬೆಂದು ಸತ್ತಳಂತೆ. ಐದನೆಯ ಕೂಸು ಇನ್ನೂ ಎದೆಹಾಲು ಕುಡಿಯುತ್ತಿತ್ತಂತೆ. ಈ ಕಾನೂನು ಬರುವುದಕ್ಕೆ ಮೊದಲಿನ ಮಾತು. "ನನಗೆ ಒಪ್ಪಿಗೆಯಿಲ್ಲ. ಆದರೆ ಅವಳನ್ನು ಒಬ್ಬಳೇ ಕಳಿಸಬೇಡ" ಎಂದು ಹೇಳಿ, ಅಮ್ಮ ಕೈ ತೊಳೆದು ಒಳಗೆ ಹೋದಳು. ಅಂಥ ಸಾವುಗಳನ್ನು ನೋಡಿಯೇ ಸರ್ಕಾರ 1964ರಲ್ಲಿ ಶಾಂತಿಲಾಲ್ ಶಾ ಸಮಿತಿಯನ್ನು ನೇಮಿಸಿತು, ಕಾನೂನು ಮಾಡಿತು. ಅಮ್ಮನಂತೆ ಒಪ್ಪದವರು ಒಪ್ಪದೆಯೇ ಇರಲಿ, ಅದು ಅವರ ಮನಸ್ಸು. ಹೊರುವವಳು, ಹೆರುವವಳು, ಸಾಕುವವಳು ತೀರ್ಮಾನ ಮಾಡಿದ ಮೇಲೆ ಅವಳನ್ನು ಅಲೆದಾಡಿಸುವ ಹಕ್ಕು ಆಸ್ಪತ್ರೆಗೆ ಇಲ್ಲ.

ಬೆಳಗಾವಿಯ ಮಗಳು ಸವಿತಾ ಹಾಲಪ್ಪನವರ ನಿಮಗೆ ನೆನಪಿರಬಹುದು. ಐರ್ಲೆಂಡಿನ ಗಾಲ್ವೇಯಲ್ಲಿ ದಂತವೈದ್ಯೆಯಾಗಿದ್ದಳು. ಹದಿನೇಳು ವಾರಕ್ಕೇ ಗರ್ಭ ಜಾರತೊಡಗಿತ್ತು, ಉಳಿಯುವಂತಿರಲಿಲ್ಲ. ತೆಗೆಯಿರಿ ಎಂದು ಕೇಳಿಕೊಂಡರೂ ಭ್ರೂಣದ ಎದೆಬಡಿತ ಇನ್ನೂ ಇದೆ ಎಂದು ಕಾಯಿಸಿದರು. ನಂಜೇರಿ 2012ರ ಅಕ್ಟೋಬರ್ 28ರಂದು ತೀರಿಕೊಂಡಳು, ಮೂವತ್ತೊಂದನೆಯ ವಯಸ್ಸಿನಲ್ಲಿ. ಅಲ್ಲಿನ ಜನ 2018ರಲ್ಲಿ ಮತ ಹಾಕಿ ಗರ್ಭಪಾತಕ್ಕಿದ್ದ ನಿಷೇಧವನ್ನು ತೆಗೆದರು. ನಮ್ಮಲ್ಲಿ ಐವತ್ತು ವರ್ಷದಿಂದ ಕಾನೂನಿದೆ. ಆದರೂ ಕಾಯಿಸುತ್ತಾರೆ.

ಆ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಹೊರಗೆ, ಭ್ರೂಣಲಿಂಗ ಪತ್ತೆ ಶಿಕ್ಷಾರ್ಹ ಅಪರಾಧ ಎಂಬ ದೊಡ್ಡ ಫಲಕವಿದೆ. ಇರಲೇಬೇಕು. ಹೆಣ್ಣೆಂದು ತಿಳಿದು ತೆಗೆಸುವುದು ಬೇರೆ, ನನ್ನ ತಂಗಿ ಕೇಳಿದ್ದು ಬೇರೆ. ಐದು ಸಲ ಹೋದಾಗಲೂ ಆ ಫಲಕದ ಕೆಳಗೇ ಕುಳಿತಿದ್ದೆವು. ಅದನ್ನು ನೋಡಿ ತಂಗಿ, "ಅಕ್ಕಾ, ನಾವು ಮಾಡುತ್ತಿರುವುದು ಅಪರಾಧವೇ?" ಎಂದು ಮೆಲ್ಲಗೆ ಕೇಳಿದಳು. ಅಲ್ಲ ಎಂದು ಹೇಳುವ ಒಂದು ಸಾಲೂ ಆ ಗೋಡೆಯ ಮೇಲೆ ಇರಲಿಲ್ಲ.

ನಾನು ಕೇಳುವುದು ಇಷ್ಟೇ. ಅದರ ಪಕ್ಕದಲ್ಲಿ ಅಷ್ಟೇ ದೊಡ್ಡ ಅಕ್ಷರದಲ್ಲಿ ಇನ್ನೊಂದು ಫಲಕ ಹಾಕಿಸಿ. ಗರ್ಭಪಾತಕ್ಕೆ ಹದಿನೆಂಟು ತುಂಬಿದ ಹೆಣ್ಣಿನ ಒಪ್ಪಿಗೆ ಸಾಕು, ಗಂಡನ ಸಹಿ ಬೇಕಿಲ್ಲ, ಹೆಸರನ್ನು ಗುಟ್ಟಾಗಿ ಇಡಲಾಗುವುದು ಎಂದು ಕನ್ನಡದಲ್ಲಿ ಬರೆಸಿ. ವೈದ್ಯರು ಇಲ್ಲದ ದಿನ ಯಾವ ಆಸ್ಪತ್ರೆಗೆ ಹೋಗಬೇಕೆಂಬುದೂ ಅದರಲ್ಲಿರಲಿ. ನಮ್ಮ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂದು 2022ರಲ್ಲಿ ಜನರೆಲ್ಲ ದನಿ ಎತ್ತಿದಾಗ ನಾನೂ ಸೇರಿದ್ದೆ, ಅದು ಈಗಲೂ ಬೇಕು. ಆದರೆ ಒಂದು ಫಲಕಕ್ಕೆ ಬಜೆಟ್ಟಿನ ತನಕ ಕಾಯಬೇಕಿಲ್ಲ. ತಾಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ನೀವೇ ಅಧ್ಯಕ್ಷರು. ಮುಂದಿನ ಸಭೆಯಲ್ಲಿ ಫಲಕ ಹಾಕಿಸಿ. ಗಂಡನ ಸಹಿ ಕೇಳಬಾರದೆಂದು ಸಿಬ್ಬಂದಿಗೆ ಲಿಖಿತ ಸೂಚನೆ ಹೋಗುವಂತೆ ನೋಡಿಕೊಳ್ಳಿ.

ಸಭೆ ಯಾವ ದಿನವೆಂದು ತಿಳಿಸಿದರೆ ಹೊಲಿಗೆ ಬಿಟ್ಟು ನಾನೇ ಬರುತ್ತೇನೆ. ತಂಗಿಯ ಐದು ಚೀಟಿಗಳು ನನ್ನ ಬಳಿ ಇವೆ. ಹೆಸರು ಮುಚ್ಚಿ ನಿಮಗೆ ತೋರಿಸುತ್ತೇನೆ.

ಇಂತಿ ನಿಮ್ಮ ಕ್ಷೇತ್ರದ ಒಬ್ಬ ಅಕ್ಕ